ಸಂದಿಯಿಲ್ಲದ ನಿಲುವಂಗಿ

ದರ್ಜಿಗೆ ಕಿಡ್ನಿ ಕೊಟ್ಟವಳು ಅವನ ಅಕ್ಕ. ಆ ಅಕ್ಕನಿಗೆ ನಾಡಿದ್ದು ಕಣ್ಣಿನ ಆಪರೇಷನ್. ಜೊತೆಗಿರಲು ಬೇರೆ ಯಾರೂ ಇಲ್ಲ. ಹೋಗದಿದ್ದರೆ ಅವಳಿಗೆ ಮುಖ ತೋರಿಸುವುದು ಹೇಗೆ? ಆದರೆ ಅಕ್ಕನ ಊರಿನಲ್ಲಿ ಸೊಳ್ಳೆಜ್ವರದ ಸುದ್ದಿ.

“ಕಸಿ ಮಾಡಿದ ಕಿಡ್ನಿ ಉಳೀಲಿ ಅಂತ ಕೊಡೋ ಮಾತ್ರೆ, ಮೈ ಕಾಯೋ ಶಕ್ತೀನೇ ತಗ್ಗಿಸಿರುತ್ತೆ,” ಎಂದಿದ್ದರು ಡಾಕ್ಟರು. “ಬೇರೆಯವರು ನಾಲ್ಕು ದಿನ ಮಲಗಿ ಏಳ್ತಾರೆ. ನಿಮಗೆ ಜೀವಕ್ಕೇ ಕುತ್ತು ಬರಬಹುದು. ತುಂಬುತೋಳಿನ ಅಂಗಿ ಹಾಕಿ, ಸೊಳ್ಳೆ ಮುಲಾಮು ಹಚ್ಚಿ. ಅಷ್ಟು ಮಾಡಿ ಸಾಕು.”

ಮುಲಾಮು ಹಚ್ಚಿದರೆ ಬಟ್ಟೆಗೆ ಜಿಡ್ಡಿನ ಕಲೆ! ಇಪ್ಪತ್ತು ವರ್ಷ ಕತ್ತರಿ ಹಿಡಿದವನಿಗೆ ಅದು ಸಹ್ಯವಾದೀತೇ? ಹಾಸಿಗೆಯ ಸೊಳ್ಳೆಪರದೆಯನ್ನೇ ಕತ್ತರಿಸಿ, ನೆತ್ತಿಯಿಂದ ಪಾದದವರೆಗೆ ಒಂದೇ ನಿಲುವಂಗಿ ಹೊಲಿದುಬಿಟ್ಟ.

ಬೆಳಿಗ್ಗೆ ಅದನ್ನು ತೊಟ್ಟು ಅಂಗಳಕ್ಕೆ ಬಂದದ್ದೇ ತಡ, ಅಕ್ಕಪಕ್ಕದವರೆಲ್ಲ ನೆರೆದರು.

“ಕುತ್ತಿಗೆ ಹತ್ರ ಸಂದಿ ಇದೆಯಲ್ಲಪ್ಪಾ!” ಎಂದರು ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು. ಅಂಟಿಸದ ಲಕೋಟೆ ಕಂಡಷ್ಟು ಸಂಕಟ ಅವರಿಗೆ.

“ಬೆನ್ನಿನ ಗುಂಡಿಗಳ ನಡುವೆ ಆನೇನೇ ನುಗ್ಗುತ್ತೆ ಬಿಡಿ,” ಎಂದಳು ಮಹಡಿಯ ಟೀಚರ್.

ದರ್ಜಿ ಸೂಜಿದಾರ ತರಿಸಿದ. “ಎಲ್ಲಾ ಹೊಲ್ದುಬಿಡೇ!” ಎಂದು ಹೆಂಡತಿಯನ್ನು ಗೋಗರೆದ. ಅವಳು ಅಲ್ಲೇ ನೀರಿನ ತೊಟ್ಟಿಯ ಪಕ್ಕ ಅರ್ಧ ಗಂಟೆ ಅವನನ್ನು ಸುತ್ತಿ ಸುತ್ತಿ ಹೊಲಿದಳು. ಕೊನೆಗೆ ದಾರವನ್ನು ಹಲ್ಲಿನಿಂದ ಕಡಿದು, “ಇನ್ನು ಯಮ ಬಂದ್ರೂ ಬಾಗಿಲು ಸಿಗಲ್ಲ,” ಎಂದಳು.

ಬಸ್ಸಿನಲ್ಲಿ ಒಂದು ಮಗು ಅವನನ್ನು ನೋಡಿ ಕಿಟಾರನೆ ಕಿರುಚಿತು. “ಟಿಕೆಟ್ ಎಲ್ಲಿಂದ ತೂರಿಸ್ಲಿ ಸ್ವಾಮಿ?” ಎಂದ ಕಂಡಕ್ಟರ್. ಮಾತ್ರೆ ಒಳಜೇಬಿನಲ್ಲಿತ್ತು, ನೀರು ಹೊರಗಿತ್ತು. ಪರದೆಯಲ್ಲೇ ಸೋಸಿ ಕುಡಿದ. ಅರ್ಧ ಹೊಟ್ಟೆಗೆ, ಅರ್ಧ ಹೊಟ್ಟೆಯ ಮೇಲೆ. ನಾಲ್ಕು ಗಂಟೆ ಮೈಯೆಲ್ಲ ತುರಿಸಿತು. ಬೆವರುಸಾಲೆ ಇರಬೇಕು ಎಂದು ಸಮಾಧಾನ ಮಾಡಿಕೊಂಡ.

ಅಕ್ಕ ಬಾಗಿಲು ತೆರೆದವಳೇ ಬಿದ್ದು ಬಿದ್ದು ನಕ್ಕಳು. ಆಮೇಲೆ ಕಣ್ಣು ಕಿರಿದು ಮಾಡಿ, ಕತ್ತರಿ ಹಿಡಿದು, ಗಂಟಲಿನಿಂದ ಮಂಡಿಯವರೆಗೆ ನಿಲುವಂಗಿಯನ್ನು ಸೀಳಿದಳು.

ಒಳಗಿನಿಂದ ಮೂರು ಸೊಳ್ಳೆಗಳು ಹೊರಬಂದವು. ಭರ್ಜರಿ ಊಟ ಮುಗಿಸಿ ಎದ್ದ ನೆಂಟರ ಹಾಗೆ, ಕೆಂಪು ಹೊಟ್ಟೆ ಹೊತ್ತು, ಹಾರಲಾರದೆ ಗೋಡೆಗೆ ಒರಗಿದವು.

“ಅಯ್ಯೋ ನಿನ್ನ! ನಮ್ಮ ಬೀದೀಲಿ ವಾರದಿಂದ ಹೊಗೆ ಹಾಕಿ ಹಾಕಿ ಒಂದು ಸೊಳ್ಳೇನೂ ಉಳಿದಿಲ್ಲ. ಇವು ನಿಮ್ಮೂರಿನವು ಕಣೋ!”

ತಕ್ಷಣ ಡಾಕ್ಟರಿಗೆ ಫೋನು ಹೋಯಿತು. “ಎರಡು ವಾರ ದಿನಕ್ಕೆರಡು ಸಲ ಜ್ವರ ನೋಡ್ಬೇಕು. ಒಬ್ಬರೇ ಇರೋ ಹಾಗಿಲ್ಲ,” ಎಂದರು ಅವರು.

ಅಕ್ಕ ತಮ್ಮನನ್ನು ಮಂಚದ ಮೇಲೆ ಮಲಗಿಸಿ, ಹೊದಿಕೆ ಹೊದಿಸಿ, ಕಣ್ಣಾಸ್ಪತ್ರೆಗೆ ಫೋನು ಮಾಡಿದಳು.

“ನನ್ನ ಆಪರೇಷನ್ ಮುಂದಕ್ಕೆ ಹಾಕಿ ಸಾರ್. ನನ್ನನ್ನ ನೋಡ್ಕೊಳ್ಳೋಕೆ ತಮ್ಮ ಬಂದಿದ್ದಾನೆ. ಅವನನ್ನ ನೋಡ್ಕೊಳ್ಬೇಕು.”