ವೈ ಸೊನ್ನೆ ಆಗಿದ್ದರೆ

ಗಣಿತ ಕಲಿತವರು ಯಾವುದನ್ನೂ ಸುಮ್ಮನೆ ನಂಬುವುದಿಲ್ಲ ಎಂದು ನಾನು ಇಪ್ಪತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಕೇಳಿದವರೆಲ್ಲ ಅದನ್ನು ಸುಮ್ಮನೆ ನಂಬಿದ್ದಾರೆ. ಅಫಜಲಪುರದ ಡಿಗ್ರಿ ಕಾಲೇಜೊಂದರಲ್ಲಿ ನಾನು ಗಣಿತ ಕಲಿಸುತ್ತೇನೆ. ಪ್ರತಿ ವರ್ಷದ ವರದಿಯಲ್ಲಿ 'ನಿಮ್ಮ ವಿಷಯದಿಂದ ವಿದ್ಯಾರ್ಥಿಗಳಿಗೇನು ಲಾಭ?' ಎಂಬ ಕಾಲಂ ಇರುತ್ತದೆ. 'ವಿಮರ್ಶಾತ್ಮಕ ಚಿಂತನೆ ಬೆಳೆಯುತ್ತದೆ' ಎಂದು ಹೋದ ವರ್ಷದ ಹಾಳೆ ನೋಡಿ ಬರೆಯುತ್ತೇನೆ. ಹೋದ ವರ್ಷದ್ದು ಅದರ ಹಿಂದಿನ ವರ್ಷದ್ದನ್ನು ನೋಡಿ ಬರೆದದ್ದು. ನಿಜ ಹೇಳಬೇಕೆಂದರೆ ನನಗೇ ಈ ಬಗ್ಗೆ ಅನುಮಾನವಿದೆ. ನನ್ನ ಹೆಂಡತಿ ನೆಲೋಗಿಯವಳು, ಹತ್ತನೆಯ ತರಗತಿಯಲ್ಲಿ ಗಣಿತಕ್ಕೇ ಡುಮ್ಕಿ ಹೊಡೆದವಳು. ಆದರೆ ತಡವಾಗಿ ಮನೆಗೆ ಹೋಗಿ 'ಮೀಟಿಂಗ್ ಇತ್ತು' ಎಂದರೆ, "ಪ್ರಿನ್ಸಿಪಾಲರು ಮಧ್ಯಾಹ್ನದಿಂದ ಮನ್ಯಾಗೇ ಇದ್ರಂತಲ್ರಿ, ಮೀಟಿಂಗ್ ಯಾರ್ ತಗೊಂಡ್ರು?" ಎಂದು ಎರಡೇ ಹೆಜ್ಜೆಯಲ್ಲಿ ನನ್ನನ್ನು ಮುಗಿಸುತ್ತಾಳೆ.

ನಮ್ಮಲ್ಲಿ ಪಾಠ ಎಲ್ಲಿ ಮುಗಿಯಬೇಕೆಂದು ತೀರ್ಮಾನಿಸುವುದು ಸಿಲಬಸ್ ಅಲ್ಲ, ಮಣ್ಣೂರಿನ ಬಸ್ಸು. ಅದು ತಪ್ಪಿದರೆ ಹುಡುಗರು ಮುಂದಿನದಕ್ಕೆ ಎರಡು ಗಂಟೆ ಕಾಯಬೇಕು. ಕೊನೆಯ ಪೀರಿಯಡ್ಡು ನನ್ನದು. "ಬಸ್ ಬಂತ್ರಿ ಸರ್" ಎಂದು ಹಿಂದಿನ ಬೆಂಚು ಏಳುತ್ತಿದ್ದಂತೆ ನಾನು 'ಉಳಿದದ್ದು ಸುಲಭ' ಎಂದು ಬರೆಸಿ ಡಸ್ಟರ್ ಕೈಗೆತ್ತಿಕೊಳ್ಳುತ್ತೇನೆ. ಎಷ್ಟೋ ವರ್ಷಗಳ ಹಿಂದೆ ಹೀಗೆಯೇ 'ಎರಡೂ ಬದಿಯನ್ನು ವೈ ವರ್ಗದಿಂದ ಭಾಗಿಸಿದಾಗ' ಎಂದು ಬರೆಸಿ, ವೈ ಸೊನ್ನೆ ಆಗಿದ್ದರೆ ಏನು ಗತಿ ಎಂಬುದನ್ನು ಬಸ್ಸಿಗೆ ಬಿಟ್ಟುಕೊಟ್ಟೆ. ಸೊನ್ನೆಯಿಂದ ಭಾಗಿಸಬಾರದೆಂದು ಶಾಲೆಯ ಮಕ್ಕಳಿಗೂ ಗೊತ್ತು. ಆ ಲೆಕ್ಕದಲ್ಲಂತೂ ಸೊನ್ನೆಯೇ ಒಂದು ಉತ್ತರ, ಭಾಗಿಸಿದೊಡನೆ ಅದು ಕೈತಪ್ಪಿ ಹೋಗುತ್ತದೆ. ಆ ನೋಟ್ಸು ಅಣ್ಣನಿಂದ ತಮ್ಮನಿಗೆ, ಅಕ್ಕನಿಂದ ತಂಗಿಗೆ ಝೆರಾಕ್ಸ್ ಆಗುತ್ತ ಬಂತು. ಯಾರೂ ಕೇಳಲಿಲ್ಲ, ನಾನೂ ಮರೆತೆ.

ಈ ವರ್ಷ ಮಣ್ಣೂರಿನ ನಸ್ರೀನ್ ಎಂಬ ವಿದ್ಯಾರ್ಥಿನಿ ಟೆಸ್ಟ್ ಪತ್ರಿಕೆ ಹಿಡಿದು ಸ್ಟಾಫ್ ರೂಮಿಗೆ ಬಂದಳು. 'ವೈ ಸೊನ್ನೆಯೂ ಒಂದು ಉತ್ತರ' ಎಂದು ಅವಳು ಬರೆದಿದ್ದಳು. ನೋಟ್ಸಿನಲ್ಲಿಲ್ಲದ ಸಾಲು ಕಂಡದ್ದೇ ತಡ, ನಾನು ಕೆಂಪು ಗೀಟು ಎಳೆದು ಎರಡು ಅಂಕ ಕಡಿದಿದ್ದೆ.

"ಏನವ್ವಾ, ಎರಡು ಮಾರ್ಕ್ಸಿನ ಸಲುವಾಗಿ ಬಸ್ ಬಿಟ್ಟು ನಿಂತೀ?" ಎಂದೆ.

"ಮಾರ್ಕ್ಸ್ ಬ್ಯಾಡ್ರಿ ಸರ್. ನಂದು ಹ್ಯಾಂಗ ತಪ್ಪು ಅಂತ ಅಷ್ಟು ಹೇಳ್ರಿ. ಎಮ್ಮೆಸ್ಸಿಗೆ ಗಣಿತ ತಗೋಬೇಕಂತ ಮಾಡೇನಿ. ಮೂರು ದಿನ ಆತು ನೋಡಾಕತ್ತಿ, ತಪ್ಪು ಎಲ್ಲಿ ಅಂತ ತಿಳಿವಲ್ದು. ಇಷ್ಟು ತಿಳೀಲಿಲ್ಲಂದ್ರ ಗಣಿತ ನನ್ನ ಕೈಲಾಗಂಗಿಲ್ಲಂತ ಬಿಟ್ಟುಬಿಡ್ತೇನ್ರಿ."

ನನಗೆ ಮೊದಲು ಬಂದದ್ದು ಸಂತೋಷವಲ್ಲ, ಸುಸ್ತು. ಅಂಕಪಟ್ಟಿಗೆ ಸಹಿ ಬಿದ್ದಿತ್ತು. ಒಪ್ಪಿಕೊಂಡರೆ ಪಟ್ಟಿ ತಿದ್ದಬೇಕು, ಉಳಿದ ಮೂವತ್ತೊಂಬತ್ತು ಪತ್ರಿಕೆಗಳನ್ನು ಮತ್ತೆ ಬಿಚ್ಚಬೇಕು, ಪ್ರಿನ್ಸಿಪಾಲರಿಗೆ ಕಾರಣ ಬರೆದುಕೊಡಬೇಕು. 'ಅದೆಲ್ಲ ಮುಂದಿನ ಸೆಮಿಸ್ಟರಿನಲ್ಲಿ ಬರುತ್ತದೆ' ಎಂಬ ನಮ್ಮ ಕಸುಬಿನ ಹಳೆಯ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಆದರೆ ನನ್ನ ತಪ್ಪನ್ನು ಈ ಹುಡುಗಿ ತನ್ನ ದಡ್ಡತನವೆಂದು ಮೂರು ದಿನ ಹೊತ್ತು ತಿರುಗಿದ್ದಳು. ನಾಚಿಕೆಯಾಯಿತು.

"ನಿಂದು ಸರಿ ಅದವ್ವ. ನಾ ಬರೆಸಿದ್ದೇ ತಪ್ಪು. ನೀ ಗಣಿತಾನೇ ತಗೋ" ಎಂದೆ.

ಅವಳ ಮುಖ ಅರಳಿತು. ಆದರೆ ಹೋಗಲಿಲ್ಲ. "ಹಂಗಾದ್ರ ಕ್ಲಾಸಿನ್ಯಾಗೂ ಹೇಳ್ರಿ ಸರ್. ಎಲ್ಲಾರೂ ಅದೇ ಬಾಯಿಪಾಠ ಮಾಡ್ಯಾರ" ಎಂದಳು.

ಪತ್ರಿಕೆ ತಿದ್ದಿದೆ, ಪಟ್ಟಿ ತಿದ್ದಿದೆ, ಪ್ರಿನ್ಸಿಪಾಲರ ನಿಟ್ಟುಸಿರನ್ನೂ ಕೇಳಿದೆ. ಮರುದಿನ ಬಸ್ಸು ಬರುವ ಮೊದಲೇ ಬೋರ್ಡಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡೆ. ವಿಷಯ ಗಂಭೀರವಾದ್ದರಿಂದ ಪುಸ್ತಕದ ಕನ್ನಡದಲ್ಲೇ, "ನನ್ನ ನೋಟ್ಸಿನಲ್ಲಿ ತಪ್ಪಿದೆ. ವೈ ಸೊನ್ನೆಯೂ ಒಂದು ಉತ್ತರ. ಇನ್ನು ಮುಂದೆ ನಾನು ಬರೆಸಿದ್ದನ್ನೂ ಪರೀಕ್ಷಿಸಿ ನೋಡಬೇಕು" ಎಂದೆ. ತಲೆಗಳೆಲ್ಲ ಬಗ್ಗಿದ್ದವು. ಗುರುವಿನ ಸೋಲು ನೋಡಲಾರದೆ ನೆಲ ನೋಡುತ್ತಿದ್ದಾರೆಂದು ನನ್ನ ಕಣ್ಣು ತೇವವಾಯಿತು.

ಮುಂದಿನ ಟೆಸ್ಟಿನಲ್ಲಿ ಬೇಕೆಂದೇ ಅದೇ ಪ್ರಶ್ನೆ ಕೊಟ್ಟೆ. ನಸ್ರೀನ್ ಒಬ್ಬಳನ್ನು ಬಿಟ್ಟು ಮೂವತ್ತೊಂಬತ್ತು ಜನರೂ ಉತ್ತರದ ನಡುವೆ ಸ್ಕೇಲಿಟ್ಟು ಅಡಿಗೆರೆ ಎಳೆದು ಬರೆದಿದ್ದರು: 'ನನ್ನ ನೋಟ್ಸಿನಲ್ಲಿ ತಪ್ಪಿದೆ. ವೈ ಸೊನ್ನೆಯೂ ಒಂದು ಉತ್ತರ. ಇನ್ನು ಮುಂದೆ ನಾನು ಬರೆಸಿದ್ದನ್ನೂ ಪರೀಕ್ಷಿಸಿ ನೋಡಬೇಕು.' ಇದು ನನ್ನ ಕಣ್ಣಿಗೆ ಬಿದ್ದದ್ದು ಹದಿನೇಳನೆಯ ಪತ್ರಿಕೆಯಲ್ಲಿ. ಮೊದಲ ಹದಿನಾರಕ್ಕೆ, ಬರೆಸಿದ ಹಾಗೆಯೇ ಇದೆಯೆಂದು, ಪೂರ್ತಿ ಅಂಕ ಕೊಟ್ಟು ಮುಗಿಸಿದ್ದೆ.