ಉಪ್ಪುನೀರಿಗೆ ಗಂಗೆಪೂಜೆ

ಮಧುಗಿರಿ ಬೆಟ್ಟದ ಬುಡದ ಆ ಬೀದಿಯಲ್ಲಿ ಆಶಾರಾಣಿಯ ಮಾನ ಹೋಗಿದ್ದು ಮೀನಿನಿಂದಲ್ಲ, ಮೀನಿಲ್ಲದ್ದರಿಂದ.

ಬಿ.ಎಸ್ಸಿ. ಮುಗಿಸಿ ಕೋರ್ಟಿನೆದುರಿನ ಜೆರಾಕ್ಸ್ ಅಂಗಡಿಯಲ್ಲಿ ಟೈಪು ಮಾಡಿಕೊಂಡಿದ್ದ ಹುಡುಗಿ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ತಾನೇ ಸಾರಿ ಅನ್ನುವವಳು. ಇಂಥವಳು ನಡುಮನೆಯ ಕಿಟಕಿಯ ಪಕ್ಕ ಗಾಜಿನ ತೊಟ್ಟಿ ಇಟ್ಟು, ನೀರಿಗೆ ಸಮುದ್ರದುಪ್ಪು ಕಲಸಿ, ಒಳಗೆ ತೂತುತೂತಿನ ಕಲ್ಲು ಪೇರಿಸಿ, ದಿನಾ ಸಂಜೆ ಅದರ ಮುಂದೆ ಧ್ಯಾನಕ್ಕೆ ಕೂತಂತೆ ಕೂರತೊಡಗಿದಾಗ ಬೀದಿಗೆ ಬೀದಿಯೇ ಕಿಟಕಿಗೆ ಮುಖ ಒತ್ತಿತು.

"ಮೀನೆಲ್ಲಮ್ಮ?" ಎಂದರು ಎದುರುಮನೆ ಶಂಕರಲಿಂಗಪ್ಪ. ಊರಿನ ಕುಡಿಯುವ ನೀರಿನ ವಾಲ್ವು ತಿರುಗಿಸಿಯೇ ರಿಟೈರಾದವರು. ಊರಿನ ಗಡಿಯೊಳಗೆ ಯಾವ ನೀರಿದ್ದರೂ ಅದು ಇನ್ನೂ ತಮ್ಮ ಸುಪರ್ದಿಯಲ್ಲೇ ಇದೆ ಎಂದು ನಂಬಿದವರು.

"ಇನ್ನೂ ರೆಡಿಯಾಗಿಲ್ಲ ಅಂಕಲ್."

"ಯಾವ್ದು, ಮೀನಾ?"

"ನೀರು."

"ನೀರು ರೆಡಿಯಾಗೋದು ಅಂದ್ರೇನಮ್ಮ? ಸರ್ವೀಸೆಲ್ಲಾ ನೀರು ಬುಟ್ಟಿದ್ದೀನಿ, ಒಂದು ದಿನಾನೂ ಅದು ತಡಿ ಸಾಮಿ, ಇನ್ನೂ ರೆಡಿಯಾಗಿಲ್ಲ ಅಂದಿದ್ದಿಲ್ಲ."

ಹೇಳುವುದಕ್ಕೆ ಆಶಾರಾಣಿಯ ಹತ್ತಿರ ವಿಷಯವಿತ್ತು, ಬಾಯಿರಲಿಲ್ಲ. ಹೊಸ ತೊಟ್ಟಿಗೆ ಸೀದಾ ಮೀನು ಬಿಟ್ಟರೆ ತನ್ನ ಹೇಸಿಗೆಯ ವಿಷಕ್ಕೆ ತಾನೇ ಸಾಯುತ್ತದೆ. ಆ ವಿಷ ತಿನ್ನುವ ಕಣ್ಣಿಗೆ ಕಾಣದ ಜೀವಗಳು ಮೊದಲು ಕಲ್ಲಿನ ಮೇಲೆ ಹುಟ್ಟಬೇಕು. ಅದಕ್ಕೆಂದೇ ಅವಳು ಒಂದು ಸೀಗಡಿ ಚೂರು ಹಾಕಿ ಕೊಳೆಯಲು ಬಿಟ್ಟಿದ್ದಳು. ಪುಟ್ಟ ಗಾಜಿನ ಶೀಸೆಗೆ ತೊಟ್ಟಿಯ ನೀರು ತುಂಬಿ, ಔಷಧಿ ಹನಿ ಬಿಟ್ಟು, ಮುಚ್ಚಳ ಹಾಕಿ ಕುಲುಕಿದರೆ ಬಣ್ಣ ಬರುತ್ತದೆ. ಹಸಿರಾದರೆ ವಿಷವಿದೆ, ಹಳದಿಯಾದರೆ ಮೀನಿಗೆ ಮನೆ ಸಿದ್ಧ. ವಾರಗಟ್ಟಲೆ ಆ ಶೀಸೆ ಮಾವಿನೆಲೆಯಷ್ಟು ಹಸಿರಾಗಿಯೇ ನಿಂತಿತ್ತು.

"ಕಲ್ಲು ನೋಡಾಕೆ ಗಾಜಿನ ತೊಟ್ಟಿ ಯಾಕೆ ಬೇಕಿತ್ತವ್ವ, ಬಾಗ್ಲು ತೆಗುದ್ರೆ ಅಷ್ಟು ದೊಡ್ಡ ಬೆಟ್ಟಾನೇ ಐತಲ್ಲ" ಎಂದಳು ಪಕ್ಕದ ಮನೆ ಸರಸಮ್ಮ.

ಆಶಾರಾಣಿ ನಕ್ಕಳು. ಅವಳ ಉತ್ತರಗಳೆಲ್ಲ ಹೀಗೇ ನಗುವಾಗಿ ಮುಗಿಯುತ್ತಿದ್ದವು.

ಕೊನೆಗೆ ಒಂದು ಶನಿವಾರ ಸಂಜೆ ಶೀಸೆ ಹಳದಿಯಾಯಿತು. ನಿಂಬೆಹಣ್ಣಿನ ಹಳದಿ. ಕಲ್ಲಿನ ಮೇಲೂ ಕಂದು ಪಾಚಿ ತೆಳ್ಳಗೆ ಹಬ್ಬಿತ್ತು, ಅದೂ ಒಳ್ಳೆಯ ಗುರುತೇ. ತುಮಕೂರಿನ ಮೀನಂಗಡಿ ಪಾಲಾಕ್ಷನಿಗೆ ಅವಳು ಫೋನು ಮಾಡಿದಳು. "ನಾಳೆ ಸಾಯಂಕಾಲದ ಬಸ್ಸಿಗೆ ಜೋಡಿ ಕಳಿಸ್ತೀನಿ ತಂಗಿ" ಎಂದ ಅವನು. "ಆದ್ರೆ ಬಿಡೋ ಮುಂಚೆ ಇನ್ನೊಂದ್ಸಲ ಶೀಸೆ ನೋಡ್ಬುಡು. ಚೀಲದಾಗೆ ರಾತ್ರಿಯೆಲ್ಲಾ ಇಟ್ರೆ ಅವು ಉಳಿಯಕಿಲ್ಲ."

ಅಜ್ಜಿ ಮುನಿಯಮ್ಮ ಇದನ್ನು ಕೇಳಿಸಿಕೊಂಡಳು. ಅಜ್ಜಿ ಕೇಳಿಸಿಕೊಂಡ ಮೇಲೆ ಬೀದಿಗೆ ಬೇರೆ ಡಂಗುರ ಬೇಕಿರಲಿಲ್ಲ. ಭಾನುವಾರ ಸಾಯಂಕಾಲ ಆಶಾ ಮನೇಲಿ ಮೀನು ಬಿಡೋ ಶಾಸ್ತ್ರ ಅಂತ ಎಲ್ಲರಿಗೂ ಗೊತ್ತಾಯಿತು.

ಭಾನುವಾರ ಬೆಳಿಗ್ಗೆ ಆಶಾರಾಣಿ ಏಳುವ ಹೊತ್ತಿಗೆ ಅಜ್ಜಿ ಚನ್ನರಾಯನದುರ್ಗದ ತಂಗಿ ಮನೆಗೆ ಹೊರಟುಹೋಗಿದ್ದಳು. ಅಜ್ಜಿಯ ಫೋನು ಮಾತ್ರ ಮನೆಯಲ್ಲೇ ಚಾರ್ಜಿಗೆ ನೇತಾಡುತ್ತಿತ್ತು. ಆಶಾರಾಣಿ ಮುಖ ತೊಳೆದು ತೊಟ್ಟಿಯ ಹತ್ತಿರ ಬಂದು ನಿಂತಲ್ಲೇ ನಿಂತಳು. ಗಾಜಿಗೆ ಮೂರು ಬೆರಳು ಅರಿಶಿನ, ನಡುವೆ ಕುಂಕುಮ, ಮುಚ್ಚಳದ ಮೇಲೆ ಕನಕಾಂಬರ, ಪಕ್ಕದಲ್ಲಿ ಊದುಬತ್ತಿಯ ಬೂದಿ, ಎರಡು ವೀಳ್ಯದೆಲೆ.

ಗಂಗೆಪೂಜೆ. ಆ ಸೀಮೆಯಲ್ಲಿ ಬೋರು ಕೊರೆಸಿ ನೀರು ಬಂದರೆ ಪೂಜೆ ಮಾಡದೆ ಯಾರೂ ಒಂದು ಬಿಂದಿಗೆ ಮುಟ್ಟುವವರಲ್ಲ. ಹೊಸ ನೀರಿಗೆ ಅರಿಶಿನ ಕುಂಕುಮ ಬಿಟ್ಟು ಕೈಮುಗಿದ ಮೇಲೇ ಮಿಕ್ಕಿದ್ದು.

ನೀರೇನೋ ತಿಳಿಯಾಗಿಯೇ ಕಂಡಿತು. ಶೀಸೆಗೆ ತುಂಬಿ, ಹನಿ ಬಿಟ್ಟು, ಕುಲುಕಿದಳು.

ಕೆಂಪಾಯಿತು.

ಬಣ್ಣದ ಕಾರ್ಡಿನಲ್ಲಿ ಹಳದಿಯಿಂದ ಕಡುಹಸಿರಿನವರೆಗೆ ಎಲ್ಲವೂ ಇತ್ತು, ಕೆಂಪಿರಲಿಲ್ಲ. ಶೀಸೆ ತೊಳೆದು, ಅದೇ ಮುಚ್ಚಳ ಹಾಕಿ ಇನ್ನೊಮ್ಮೆ ನೋಡಿದಳು. ಈ ಸಲ ನಾಚಿದ ಹೆಣ್ಣಿನ ಕೆನ್ನೆಯಷ್ಟು ಕೆಂಪು.

"ಏನಮ್ಮ ಅದು, ಆರತಿ ನೀರಿದ್ದಂಗೈತೆ" ಎಂದು ಕಿಟಕಿಯಿಂದ ಶಂಕರಲಿಂಗಪ್ಪನವರ ದನಿ ಬಂತು. ಹಿಂದೆಯೇ ಅವರೂ ಬಂದರು. ಅವರ ಹಿಂದೆ ಸರಸಮ್ಮ.

ಸರಸಮ್ಮ ಶೀಸೆಯನ್ನು ಬೆಳಕಿಗೆ ಹಿಡಿದಳು. "ಆರತಿ ನೀರೇ ಕಣಣ್ಣ. ಅರಿಶಿನಕ್ಕೆ ಸುಣ್ಣ ಸೇರಿದ್ರೆ ಇದೇ ಬಣ್ಣ. ನಿನ್ನ ಔಸ್ದಿನಾಗೆ ಸುಣ್ಣ ಐತೇನವ್ವ?"

"ಸುಣ್ಣದಂಥದ್ದು ಇರುತ್ತೆ" ಎಂದಳು ಆಶಾರಾಣಿ. ಬಿ.ಎಸ್ಸಿ. ಓದಿದ್ದು ಆ ಗಳಿಗೆಗೆ ಉಪಯೋಗಕ್ಕೆ ಬಂದಿದ್ದು ಅಷ್ಟೇ.

"ಅಂದ್ರೆ ಮುನಿಯಮ್ಮ ತೊಟ್ಟಿಗೆ ಅರಿಶಿನ ಬುಟ್ಟವ್ಳೆ" ಎಂದು ಶಂಕರಲಿಂಗಪ್ಪ ತೀರ್ಪು ಕೊಟ್ಟರು. "ಅರಿಶಿನ ಹುಳಹುಪ್ಪಟೆ ಉಳಿಸ್ತದಾ? ನಿಮ್ಮಜ್ಜಿ ಹೇಳ್ತಿದ್ಲಲ್ಲ, ಆ ಕಾಣದ ಜೀವ ಎಲ್ಲಾ ಶಿವನ ಪಾದ ಸೇರಿರ್ತವೆ. ನೀರು ಖಾಲಿ ಮಾಡ್ಬೇಕು."

"ಒಂದ್ನಿಮಿಷ ಅಂಕಲ್, ಶೀಸೇದೇ ತಪ್ಪಿರಬೋದು, ಒಂಚೂರು ನಲ್ಲಿ ನೀರು ಹಾಕಿ ನೋಡಿ..."

"ನಲ್ಲೀಲಿ ನೀರು ಬರೋದು ನಾಳಿದ್ದು ಕಣಮ್ಮ, ನನ್ನ ಕೇಳು" ಎಂದವರೇ ಅಂಗಳದ ಪೈಪು ತಂದು ಒಂದು ತುದಿ ತೊಟ್ಟಿಗೆ ಇಳಿಬಿಟ್ಟು, ಇನ್ನೊಂದು ತುದಿ ಬಾಯಲ್ಲಿ ಎಳೆದರು. ಎಷ್ಟೋ ವರ್ಷದ ಮೇಲೆ ಅವರ ಕೈಗೆ ನೀರು ಸಿಕ್ಕಿತ್ತು. ಬಾಯಿಗೆ ಬಂದ ಉಪ್ಪನ್ನು ಉಗಿದು, "ಸಮುದ್ರಾನೇ" ಎಂದು ಮೆಚ್ಚಿಕೊಂಡರು. ವಾರಗಟ್ಟಲೆ ಕಾದ ನೀರು ಗುಳುಗುಳು ಅನ್ನುತ್ತಾ ಚರಂಡಿಗೆ ಹೋಯಿತು.

ಆಶಾರಾಣಿ ತಿರುಗುವಷ್ಟರಲ್ಲಿ ಕಲ್ಲುಗಳು ಇರಲಿಲ್ಲ. ಹಿತ್ತಲಿನಲ್ಲಿ ಸರಸಮ್ಮ ಸೆರಗು ಸಿಕ್ಕಿಸಿ, ಹುಣಸೆಹಣ್ಣು, ತೆಂಗಿನ ನಾರು ಹಿಡಿದು, ಮದುವೆ ಮನೆಯ ಕೊಳಗ ಬೆಳಗಿದಂತೆ ಒಂದೊಂದೇ ಕಲ್ಲು ಬೆಳಗುತ್ತಿದ್ದಳು.

"ಸರಸಕ್ಕ, ಆ ಪಾಚಿ ಬೇಕಿತ್ತು..."

"ಪಾಚಿ ಯಾರಿಗವ್ವ ಬೇಕು? ಜೋಡಿ ಬರೋ ಮನೆ ಇಂಗಿಕ್ತಾರಾ? ನೀನು ಸುಮ್ಕೆ ಕೂತ್ಕ, ಅತ್ತುಬುಡ್ತೀಯೇನೋ ಅನ್ನಂಗಿದ್ದೀಯ."

ಅತ್ತೇ ಬಿಡುವ ಹಾಗಿತ್ತು. ಆದರೆ ಅರಿಶಿನಕ್ಕೆ ಹೇಗೂ ಎಲ್ಲ ಸತ್ತಿದೆಯಲ್ಲ ಎಂದುಕೊಂಡು ಅವಳೂ ಒಂದು ಹಿಡಿ ನಾರು ತೆಗೆದುಕೊಂಡು ಕೂತಳು. ಪಾಲಾಕ್ಷನಿಗೆ ಹಚ್ಚಿದ ಫೋನು ಸಂಜೆಯ ಮೇಲೇ ಸಿಕ್ಕಿದ್ದು. ಅಷ್ಟರಲ್ಲಿ ಬಸ್ಸು ಕೊರಟಗೆರೆ ದಾಟಿತ್ತು. "ನೀರು ಕೆಟ್ಟೋಗೈತಾ? ಅಂಗಾದ್ರೆ ಬಿಡಬ್ಯಾಡ ತಂಗಿ. ಅದೇ ಬಸ್ಸು ವಾಪಸ್ ಬರ್ತದೆ, ಅದುಕ್ಕೇ ಹಾಕ್ಬುಡು. ಪಾಪದ ಜೀವ" ಎಂದ.

ಅವಳು ಬಸ್‌ಸ್ಟ್ಯಾಂಡಿಗೆ ಹೋದರೆ ಬೀದಿಯೇ ಅಲ್ಲಿತ್ತು. ಸರಸಮ್ಮನ ಕೈಯಲ್ಲಿ ಆರತಿ ತಟ್ಟೆ. ಶಂಕರಲಿಂಗಪ್ಪ ಇಸ್ತ್ರಿ ಅಂಗಿ ಹಾಕಿದ್ದರು. ತೊಳೆದ ತೊಟ್ಟಿ ಆಭರಣದಂಗಡಿಯ ಹಾಗೆ ಫಳಫಳ ಅನ್ನುವುದನ್ನು ಕಂಡಕಂಡವರಿಗೆ ವರ್ಣಿಸುತ್ತಿದ್ದರು.

ಬಸ್ಸು ಬಂತು. ಮೊದಲು ಇಳಿದವಳು ಅಜ್ಜಿ, ತೋಳಿನಲ್ಲಿ ಕೂಸಿನಂತೆ ಒಂದು ರಟ್ಟಿನ ಡಬ್ಬ. "ಕಂಡಕ್ಟ್ರು ಆಶಾರಾಣಿ ಪಾರ್ಸೆಲ್ಲು ಅಂದ. ನನ್ನ ಮೊಮ್ಮಗಳೇ ಕಣಪ್ಪ ಅಂತ ಮಡ್ಲಿಗೆ ಇಸ್ಕಂಡೆ."

ಮುಚ್ಚಳ ತೆಗೆದರೆ ನೀರಿನ ಚೀಲದೊಳಗೆ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು, ಹೊಸ ಮದುಮಕ್ಕಳಂತೆ ಒಂದಕ್ಕೊಂದು ಒತ್ತಿಕೊಂಡು ಜನರನ್ನು ನೋಡುತ್ತಿದ್ದವು. ಬೀದಿಗೆ ಬೀದಿಯೇ ಡಬ್ಬದ ಮೇಲೆ ಬಗ್ಗಿತು. ಇಷ್ಟು ಚೆಂದ ಇರ್ತವೆ ಅಂತ ಯಾರಿಗೂ ಗೊತ್ತಿರಲಿಲ್ಲ.

"ಅಜ್ಜಿ," ಎಂದಳು ಆಶಾರಾಣಿ ಮೆಲ್ಲಗೆ, "ತೊಟ್ಟಿಗೆ ಅರಿಶಿನ ಯಾಕೆ ಹಾಕ್ದೆ?"

"ತೊಟ್ಟಿಗೆ ನಾನ್ಯಾಕೆ ಹಾಕ್ಲಿ? ಒಂದು ಹನಿ ಏನೂ ಬೀಳಕೂಡ್ದು ಅಂತ ನೀನೇ ಹೇಳಿರ್ಲಿಲ್ವಾ? ನಿನ್ನ ಆ ಪುಟ್ಟ ಶೀಸೆ ಐತಲ್ಲ, ಅದುಕ್ಕೆ ನೀರು ಮೊಗ್ದು, ಅದುಕ್ಕೇ ಒಂದು ಚಿಟಿಕೆ ಅರಿಶಿನ ಹಾಕಿ, ನೀನು ದಿನಾ ಕುಲುಕ್ತೀಯಲ್ಲ, ಅಂಗೇ ಕುಲುಕಿ ಪೂಜೆ ಮಾಡ್ದೆ. ನಿನ್ನ ಶಾಸ್ತ್ರ ನಾನ್ಯಾಕೆ ಕೆಡಿಸ್ಲಿ. ಆಮ್ಯಾಕೆ ತೊಳ್ದು ಇಟ್ಟೆ. ಮುಚ್ಚಳದಾಗೆ ಒಸಿ ಬಣ್ಣ ಉಳ್ಕಂತು, ಅಷ್ಟೇಯ."

ಚೀಲದ ಮೀನುಗಳ ಹಾಗೇ ಆಶಾರಾಣಿಯ ಬಾಯಿ ತೆರೆದು ಮುಚ್ಚಿತು. ಬೆಳಿಗ್ಗೆ ತನಕ ತೊಟ್ಟಿ ಸಿದ್ಧವಾಗಿತ್ತು. ಪೂರ್ತಿ, ಸುಸೂತ್ರವಾಗಿ ಸಿದ್ಧವಾಗಿತ್ತು. ಶೀಸೆಯ ಮುಚ್ಚಳವೊಂದನ್ನು ಬಿಟ್ಟು ಎಲ್ಲವನ್ನೂ ಅವರು ತೊಳೆದಿದ್ದರು.

ಶಂಕರಲಿಂಗಪ್ಪ ಬೆಟ್ಟದ ಕಡೆ ನೋಡಿದರು. ಸರಸಮ್ಮ ಆರತಿ ತಟ್ಟೆಯ ಕಡೆ ನೋಡಿ, ಅದು ವ್ಯರ್ಥವಾಗಬಾರದೆಂದು, ಬಂದವರಿಗೂ ಹೋಗುವವರಿಗೂ ಸೇರಿಸಿ ಒಂದೇ ಸಲ ಬೆಳಗಿದಳು. ಅರ್ಧ ಗಂಟೆಯಲ್ಲಿ ಮೀನುಗಳು ಅದೇ ಬಸ್ಸಿನಲ್ಲಿ ತುಮಕೂರಿಗೆ ಹೊರಟವು. ಬೀದಿಯವರೆಲ್ಲ ಕೈ ಬೀಸಿದರು. ಆಶಾರಾಣಿಗೆ ಯಾಕೋ ತಡೆಯಲಾರದಷ್ಟು ನಗು ಬಂತು, ಅಜ್ಜಿಯ ಹೆಗಲಿಗೆ ಮುಖ ಒತ್ತಿಕೊಂಡು ನಕ್ಕಳು.

ನಲ್ಲಿಯಲ್ಲಿ ನೀರು ಬಂದ ದಿನ ಬೆಳಿಗ್ಗೆ ಹೊಳೆಯುವ ತೊಟ್ಟಿಗೆ ಹೊಸ ಉಪ್ಪುನೀರು ತುಂಬಿ, ಒಂದು ಸೀಗಡಿ ಚೂರು ಬಿಡುತ್ತಿದ್ದಾಗ ಕಿಟಕಿಯಲ್ಲಿ ಮುಖ ಮೂಡಿತು.

"ಮೀನು ಯಾವಾಗಮ್ಮ?"

ಆಶಾರಾಣಿ ಕೈ ಒರೆಸಿಕೊಂಡು ತಿರುಗಿದಳು. ಜೀವಮಾನದಲ್ಲಿ ಮೊದಲ ಸಲ ಅವಳ ಬಾಯಿಂದ ಒಂದು ಇಡೀ ವಾಕ್ಯ ಅಂಜದೆ ಹೊರಟಿತು.

"ನೀವು ಎಲ್ಲಾದ್ರೂ ಊರಿಗೆ ಹೋದಾಗ, ಅಂಕಲ್."

ಶಂಕರಲಿಂಗಪ್ಪ ಕಿಟಕಿಗೆ ಮೊಳಕೈ ಊರಿ ನಿಂತರು.

"ಅಂಗಾದ್ರೆ ಕಷ್ಟ ಕಣಮ್ಮ" ಎಂದರು ಕನಿಕರದಿಂದ. "ನಾನೆಲ್ಲೂ ಹೋಗಾಕಿಲ್ಲ."