ಪೂಜೆಗೆ ಕೂತ ಬ್ಯಾಕಪ್ಪು

ನೆನಪನ್ನು ನಾನು ನಂಬುವುದಿಲ್ಲ. ಅದು ಇಸ್ತ್ರಿ ಅಂಗಡಿಯವನ ಜಾತಿಯದು. ಸುಕ್ಕೆಲ್ಲಿ ಹೋಯಿತೆಂದು ಕೇಳಿದರೆ ಇರಲೇ ಇಲ್ಲ ಎನ್ನುತ್ತದೆ. ಸತ್ತವರೆಲ್ಲ ಅದರ ಕೈಗೆ ಸಿಕ್ಕಿ ತಿಥಿ ಮುಗಿಯುವಷ್ಟರಲ್ಲಿ ಸಾಧುಗಳಾಗಿಬಿಡುತ್ತಾರೆ. ನಮ್ಮವ್ವ ಹಾಗಾಗಕೂಡದೆಂದು, ಅವಳು ಬದುಕಿದ್ದಾಗಲೇ ಹೊಳೆನರಸೀಪುರದ ನಮ್ಮ ಮನೆಯ ಅಡುಗೆಮನೆಯಲ್ಲಿ ಅವಳ ಮಾತುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಬೈಗುಳ, ಕೆಮ್ಮು, ಸೊಸೆಯ ಸಾರಿನ ವಿಮರ್ಶೆ, ಎಲ್ಲವೂ ಇತ್ತು. “ಅದ್ಯಾಕ್ಲಾ ಮುಖದ್ ಮುಂದ್ಕೆ ಇಡ್ಕಂಡಿದೀಯ? ತೆಗೀ ಅತ್ಲಾಗೆ” ಎಂದೇ ಹೆಚ್ಚಿನ ಫೈಲುಗಳು ಶುರುವಾಗುತ್ತಿದ್ದವು. ಈ ಮಾತನ್ನೂ ಈಗ ನೆನಪಿನಿಂದಲೇ ಬರೆಯುತ್ತಿದ್ದೇನಾದ್ದರಿಂದ ನೀವು ಪೂರ್ತಿ ನಂಬಬೇಕಾಗಿಲ್ಲ.

ಅವ್ವ ಹೋದ ಮೇಲೆ ನನ್ನ ಶಿಸ್ತು ನೋಡಬೇಕಿತ್ತು. ಫೋನಿನಿಂದ ತೆಗೆದು ಕಂಪ್ಯೂಟರಿನಲ್ಲಿ ಒಂದು ಪ್ರತಿ, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು. ಡಿಸ್ಕಿನ ವಾಸ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ. ಎರಡನ್ನೂ ಜೋಡಿಸಿಟ್ಟರೆ ಒಂದಕ್ಕೆ ಹತ್ತಿದ ವೈರಸ್ಸು ಇನ್ನೊಂದಕ್ಕೂ ಹತ್ತುತ್ತದೆಂದು ಬಂದ ನೆಂಟರಿಗೆಲ್ಲ ಕಾಫಿಯ ಜೊತೆ ಉಪದೇಶ ಕೊಡುತ್ತಿದ್ದೆ.

ಆದರೆ ಆ ರೆಕಾರ್ಡಿಂಗುಗಳಲ್ಲಿ ಕುಕ್ಕರಿನ ಸೀಟಿ ಜಾಸ್ತಿ. ಅದನ್ನು ಅಳಿಸುವ ಸಾಫ್ಟ್‌ವೇರೊಂದು ಎಲ್ಲೋ ಬಿಟ್ಟಿಯಾಗಿ ಸಿಕ್ಕಿತು. ಆಂಟಿವೈರಸ್ಸು ಕೆಂಪಗಾಗಿ ಬೇಡ ಬೇಡ ಎಂದಿತು. ಸದಾ ಬೇಡ ಎನ್ನುವವರ ಮಾತನ್ನು ಯಾರು ಕೇಳುತ್ತಾರೆ? ಅದರ ಬಾಯಿ ಮುಚ್ಚಿಸಿ ಸಾಫ್ಟ್‌ವೇರ್ ಹಾಕಿಕೊಂಡೆ. ನೋಡಿ, ಇಸ್ತ್ರಿ ಪೆಟ್ಟಿಗೆ ಹಿಡಿದವನು ನಾನೇ.

ಮಾರನೆಯ ದಿನ ಆಯುಧಪೂಜೆ. “ಆ ಡಿಸ್ಕೂ ತಗಂಬನ್ರೀ. ಅತ್ತೆ ಅದ್ರಲ್ಲೇ ಅಲ್ವಾ ಇರೋದು?” ಎಂದಳು ನನ್ನ ಹೆಂಡತಿ ಸಾವಿತ್ರಿ. ಅವ್ವನನ್ನು ಬೀರುವಿನಲ್ಲಿಟ್ಟು ಸ್ಕೂಟರಿಗೆ ಹೂ ಏರಿಸುವುದು ನನಗೂ ಸರಿಯೆನಿಸಲಿಲ್ಲ. ನಮ್ಮ ಕಡೆ ಸ್ಕೂಟರಾಗಲಿ ಪಂಪ್‌ಸೆಟ್ಟಾಗಲಿ ಚಾಲೂ ಮಾಡಿಯೇ ಮಂಗಳಾರತಿ ಎತ್ತುವುದು. ನಿಂತ ಯಂತ್ರಕ್ಕೆ ಪೂಜೆ ಮುಟ್ಟುವುದಿಲ್ಲ. ಹಾಗಾಗಿ ಕಂಪ್ಯೂಟರ್ ಆನ್ ಮಾಡಿ, ಡಿಸ್ಕನ್ನು ಅದಕ್ಕೆ ಚುಚ್ಚಿ, ಪುಟ್ಟ ನೀಲಿ ದೀಪ ಮಿನುಗಿದ ಮೇಲೆಯೇ ಕುಂಕುಮ ಇಟ್ಟೆವು. ಪೂಜೆಗೆ ಇಟ್ಟದ್ದನ್ನು ವಿಜಯದಶಮಿಯವರೆಗೆ ಕದಲಿಸುವಂತಿಲ್ಲ. ಕದಲಿಸಲಿಲ್ಲ. ಬಿಟ್ಟಿ ಸಾಫ್ಟ್‌ವೇರಿನ ಜೊತೆ ಬಂದಿದ್ದ ವೈರಸ್ಸಿಗೆ ಅಂಥ ಕಟ್ಟುಪಾಡಿರಲಿಲ್ಲ. ಹಬ್ಬದ ದಿನವೂ ರಜೆ ಹಾಕದೆ ದುಡಿಯಿತು.

ಬೆಳಿಗ್ಗೆ ಚೆಂಡುಹೂ ಸರಿಸಿ ನೋಡಿದರೆ ಫೈಲುಗಳೆಲ್ಲ ಇದ್ದವು, ಒಂದೂ ತೆರೆಯಲಿಲ್ಲ. ಡಿಸ್ಕಿನಲ್ಲೂ ಅದೇ ಕತೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸೂಚನೆ: ಬೀಗ ಹಾಕಿದ್ದೇವೆ, ಹಣ ಕಳಿಸಿದರೆ ಕೀಲಿ ಕೊಡುತ್ತೇವೆ.

ಕಂಪ್ಯೂಟರಿನ ಡಬ್ಬ, ಡಿಸ್ಕು ಎರಡನ್ನೂ ಚೀಲಕ್ಕೆ ತುರುಕಿಕೊಂಡು ಹಾಸನದ ಬಸ್ಸು ಹತ್ತಿದೆ. ರಿಪೇರಿ ಅಂಗಡಿಯ ಮಂಜಣ್ಣ ಡಿಸ್ಕಿನ ಮೇಲಿನ ಕುಂಕುಮವನ್ನು ಬೆರಳಿನಿಂದ ಒರೆಸಿದ.

“ಬ್ಯಾಕಪ್ ಇಲ್ವಾ ಸಾ?”

“ನಿಮ್ಮ ಕೈಲಿರೋದೇ ಬ್ಯಾಕಪ್ಪು.”

“ಅಯ್ಯೋ, ಪೂಜೆಗ್ ಅಂತ ಚುಚ್ಬುಟ್ರಾ?”

“ಹೂಂ.”

“ನಿಂಬೆಹಣ್ಣು ಮಡಗಿದ್ರಾ?”

“ಮಡಗಿದ್ವಿ.”

“ಇನ್ನೇನ್ ಮಾಡಕಾಯ್ತದೆ ಬುಡಿ. ದುಡ್ಡು ಕಳುಸುದ್ರೂ ಕೀಲಿ ಬತ್ತದೆ ಅಂತ ಗ್ಯಾರಂಟಿ ಇಲ್ಲ. ನೋಡ್ತೀನಿ, ಆಸೆ ಮಾತ್ರ ಮಡಿಕಬ್ಯಾಡಿ ಸಾ.”

ಅವನ ಅಂಗಡಿಯ ಮಾನಿಟರುಗಳೆಲ್ಲ ಹಣೆಗೆ ವಿಭೂತಿ ಬಳಿದುಕೊಂಡು ನನ್ನನ್ನೇ ನೋಡುತ್ತಿದ್ದವು. ಕೆಲವು ದಿನಗಳಾದ ಮೇಲೆ ಅವನೇ ಫೋನ್ ಮಾಡಿದ. “ಆಗ್ನಿಲ್ಲ ಸಾ.”

ಅರಕಲಗೂಡಿನಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಸುದ್ದಿ ಹೇಳಿದೆ. ಅವಳು, “ಓಗ್ಲಿ ಬುಡ್ಲಾ. ಅವ್ವ ಎಂಗ್ ಮಾತಾಡ್ತಿದ್ಲು ಅಂತ ನಂಗೊತ್ತಿಲ್ವಾ?” ಎಂದು ಅವ್ವನಂತೆ ಬೈದು ತೋರಿಸಿದಳು. “ಉಂಡ್ಯೇನ್ಲಾ ಮೂದೇವಿ? ಎಷ್ಟೊತ್ತ್ ಕಾಯ್ಲಿ ನಿಂಗೆ?”

ಅದು ಅವ್ವನಾಗಿರಲಿಲ್ಲ. ತೀರ ಮೆದುವಾಗಿತ್ತು. “ಹಂಗಲ್ಲ ಅಕ್ಕ, ಕೊನೇಲಿ ದನಿ ಮೇಲಕ್ಕೆ ಹೋಗ್ತಿತ್ತು” ಎಂದೆ.

“ಅಂಗಾರೆ ನೀನೇ ಅನ್ನು, ನೋಡನ.”

ಗಂಟಲು ಸರಿಮಾಡಿಕೊಂಡು ಅದೇ ಮಾತನ್ನು ಹೇಳಿದೆ. ಅವ್ವನ ದನಿ ನಿಜಕ್ಕೂ ಬಂತು, ಬಾಗಿಲಲ್ಲಿ ನಿಂತಿದ್ದ ಸಾವಿತ್ರಿ ಬೆಚ್ಚಿದಂತೆಯೂ ಕಂಡಿತು. ಅಕ್ಕ ಮಾತ್ರ ಒಪ್ಪಲಿಲ್ಲ.

“ಅದು ಅಪ್ಪನ್ ಗಂಟ್ಲು ಕಣ್ಲಾ.”

ಅಪ್ಪ ತೀರಿಕೊಂಡಾಗ ನಾನಿನ್ನೂ ತೊಟ್ಟಿಲಲ್ಲಿದ್ದೆ. ಅಲ್ಲವೆನ್ನಲು ನನ್ನ ಹತ್ತಿರ ಒಂದು ಫೈಲೂ ಇರಲಿಲ್ಲ.